ಅವರೂ ಮುದ್ದೆ ನುಂಗೋರೇ! ಪಶ್ಚಿಮ ಆಫ್ರಿಕಾ ಹೋಟೆಲ್‌ಗೆ ಹೋದ್ರೆ ಏನ್ ತಿನ್ಬೇಕು, ಏನ್ ಕೇಳ್ಬೇಕು? ಇಲ್ಲಿದೆ ಮಾಹಿತಿ

ಚಳ್ಳಕೆರೆ: ಓದೋಕೆ, ಕೆಲಸಕ್ಕೆ ಅಂತ ಬೆಂಗಳೂರಿನ ಕಮ್ಮನಹಳ್ಳಿ, ಹೆಣ್ಣೂರು ಕಡೆ ಸೇರಿಕೊಂಡಿರುವ ನಮ್ಮ ತಾಲೂಕಿನ ಹುಡುಗರು ಅಲ್ಲಿ ಆಫ್ರಿಕನ್ ಊಟದ ಬೋರ್ಡ್ ನೋಡಿರ್ತಾರೆ. ಆ ಭಾಗದಲ್ಲಿ ಆಫ್ರಿಕಾದಿಂದ ಬಂದ ವಿದ್ಯಾರ್ಥಿಗಳು ಹೆಚ್ಚು. ಅವರನ್ನೇ ನಂಬಿಕೊಂಡು ನಡೆಯುವ ಸಣ್ಣಪುಟ್ಟ ಹೋಟೆಲ್‌ಗಳೂ ಇವೆ. ಆದ್ರೆ ನಮ್ಮೋರು ಒಳಗೆ ಹೋಗೋದು ಕಮ್ಮಿ. ‘ಅವ್ರು ಏನೇನ್ ತಿಂತಾರೋ ಏನೋ’ ಅನ್ನೋ ಅಳುಕು.

ಈ ಅಳುಕನ್ನ ತಮಾಷೆ ಅಂತ ಬಿಡೋ ಹಾಗಿಲ್ಲ. 2017ರ ಮಾರ್ಚ್‌ನಲ್ಲಿ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ ಒಬ್ಬ ಹುಡುಗ ತೀರಿಕೊಂಡಾಗ, ನೈಜೀರಿಯಾದವರು ನರಭಕ್ಷಕರು ಅನ್ನೋ ವದಂತಿ ಹಬ್ಬಿತ್ತು. ಜನ ಗುಂಪುಗೂಡಿ ಆಫ್ರಿಕಾದ ವಿದ್ಯಾರ್ಥಿಗಳಿಗೆ ಹೊಡೆದರು. ಅವರ ತಟ್ಟೇಲಿ ನಿಜವಾಗಿ ಏನಿರುತ್ತೆ ಅಂತ ತಿಳ್ಕೊಳ್ಳೋದು ಒಳ್ಳೇದು.

ಅವರ ಮುದ್ದೆ

ನೈಜೀರಿಯಾ, ಘಾನಾ ದೇಶಗಳಲ್ಲಿ ದಿನದ ಊಟ ಅಂದ್ರೆ ಮುದ್ದೆಯೇ. ‘ಫುಫು’ ಅಂತ ಹೆಸರು. ಘಾನಾದಲ್ಲಿ ಬೇಯಿಸಿದ ಮರಗೆಣಸಿನ ಜೊತೆ ಬಾಳೆಕಾಯಿ ಜಾತಿಯ ಕಾಯಿ ಸೇರಿಸಿ, ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುತ್ತಾರೆ. ನೈಜೀರಿಯಾದಲ್ಲಿ ಮರಗೆಣಸನ್ನ ನೀರಲ್ಲಿ ನೆನೆಸಿ ಹುಳಿ ಬರಿಸಿ ಮಾಡ್ತಾರೆ. ಕಹಿ ಜಾತಿಯ ಮರಗೆಣಸಲ್ಲಿ ವಿಷದ ಅಂಶ ಜಾಸ್ತಿ ಇರೋದ್ರಿಂದ ನೆನೆಸೋದು, ಹುಳಿ ಬರಿಸೋದು ರುಚಿಗಷ್ಟೇ ಅಲ್ಲ, ಆ ವಿಷ ಹೋಗಲಿ ಅಂತಾನೂ ಹೌದು.

ಉಣ್ಣೋ ಕ್ರಮವೂ ನಮ್ಮದೇ. ಬಲಗೈಯಲ್ಲಿ ತುತ್ತು ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ ನುಂಗಬೇಕು, ಅಗಿಯೋ ಹಾಗಿಲ್ಲ. ನೈಜೀರಿಯಾದವರು ಇಂಥ ಮುದ್ದೆಗಳಿಗೆಲ್ಲ ಇಂಗ್ಲಿಷಲ್ಲಿ ‘ಸ್ವಾಲೋ’ ಅಂತಾರೆ, ಅಂದ್ರೆ ನುಂಗೋದು. ಹುಳಿ ವಾಸನೆ ಅಭ್ಯಾಸ ಇಲ್ಲದವರು ಮೊದಲ ಸಲ ‘ಪೌಂಡೆಡ್ ಯಾಮ್’ ಕೇಳೋದು ಒಳ್ಳೇದು. ಅದು ಗೆಣಸು ಜಾತಿಯ ದೊಡ್ಡ ಗಡ್ಡೆಯದು, ಹುಳಿ ಇರಲ್ಲ.

ಸಾರು ಯಾವುದು?

‘ಎಗುಸಿ’ ಅಂದ್ರೆ ಕಲ್ಲಂಗಡಿ ಜಾತಿಯ ಒಂದು ಕಾಯಿಯ ಬೀಜ. ಅದನ್ನ ಪುಡಿ ಮಾಡಿ, ಸೊಪ್ಪು, ಮಾಂಸ, ಕೆಂಪು ತಾಳೆ ಎಣ್ಣೆ ಹಾಕಿ ಗಟ್ಟಿಯಾಗಿ ಬೇಯಿಸ್ತಾರೆ. ಈ ಎಣ್ಣೆ ನಮ್ಮ ಅಂಗಡಿಗಳ ಪಾಮ್ ಎಣ್ಣೆ ತರ ಬಣ್ಣ ತೆಗೆದದ್ದಲ್ಲ, ಕೆಂಪಗೆ ಹಾಗೇ ಇರುತ್ತೆ.

ಬೆಂಡೆಕಾಯಿ ಸಾರೂ ಇದೆ. ನಾವು ಹುರಿದು, ಹುಣಸೆಹುಳಿ ಹಾಕಿ ಲೋಳೆ ಹೋಗಿಸ್ತೀವಿ. ಅವರಿಗೆ ಆ ಲೋಳೆಯೇ ಬೇಕು, ಮುದ್ದೆ ಸಲೀಸಾಗಿ ಇಳೀಲಿ ಅಂತ.

ಎಣ್ಣೆ ಮಿಲ್‌ಗಳ ಊರಾದ ಚಳ್ಳಕೆರೆಯವರು ನೋಡಲೇಬೇಕಾದ್ದು ಶೇಂಗಾ ಸಾರು. ಹುರಿದ ಶೇಂಗಾವನ್ನ ನುಣ್ಣಗೆ ಅರೆದು, ಟೊಮೆಟೊ, ಈರುಳ್ಳಿ, ಮಾಂಸದ ಜೊತೆ ಎಣ್ಣೆ ಬಿಡೋವರೆಗೂ ಕುದಿಸ್ತಾರೆ. ಸೆನೆಗಲ್, ಮಾಲಿ ಕಡೆ ಇದಕ್ಕೆ ‘ಮಾಫೆ’ ಅಂತಾರೆ.

ಅನ್ನ, ತಿಂಡಿ

ಜಾಲೋಫ್ ರೈಸ್ ನೋಡಿದ್ರೆ ನಮ್ಮ ಟೊಮೆಟೊ ಬಾತ್ ನೆನಪಾಗುತ್ತೆ. ಟೊಮೆಟೊ, ಕೆಂಪು ಮೆಣಸು, ಈರುಳ್ಳಿ ರುಬ್ಬಿದ ಮಸಾಲೆಯಲ್ಲೇ ಅಕ್ಕಿ ಬೇಯುತ್ತೆ. ಯಾರದ್ದು ಚೆನ್ನ ಅಂತ ನೈಜೀರಿಯಾ, ಘಾನಾದವರ ಜಗಳ ಇನ್ನೂ ಮುಗಿದಿಲ್ಲ. ಹೆಸರು ಬಂದಿದ್ದು ಮಾತ್ರ ಈಗಿನ ಸೆನೆಗಲ್ ಭಾಗದ ಹಳೇ ಜೊಲೋಫ್ ರಾಜ್ಯದಿಂದ. ಸೆನೆಗಲ್‌ನ ಮೀನು-ಅನ್ನದ ಅಡುಗೆ 2021ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿಗೂ ಸೇರಿದೆ.

‘ಅಕರ’ ಅಂದ್ರೆ ಅಲಸಂದೆ ವಡೆಯೇ. ಕಾಳು ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ ಎಣ್ಣೆಗೆ ಬಿಡ್ತಾರೆ. ‘ಸುಯಾ’ ಅಂದ್ರೆ ಶೇಂಗಾ ಹಿಂಡಿ, ಖಾರ ಸವರಿ ಕೆಂಡದ ಮೇಲೆ ಸುಟ್ಟ ಮಾಂಸ. ಘಾನಾದ ‘ವಾಚೆ’ ಅನ್ನೋದು ಅಲಸಂದೆ ಹಾಕಿದ ಅನ್ನ. ಅದಕ್ಕೆ ಕೆಂಪು ಬಣ್ಣ ಬರೋದು ಜೋಳದ ಒಣ ಎಲೆಯಿಂದ.

ಇವನ್ನ ಮೊದಲೇ ಕೇಳಿಕೊಳ್ಳಿ

* ಸಸ್ಯಾಹಾರಿಗಳು ಹುಷಾರು. ಸೊಪ್ಪಿನ ಸಾರಾದರೂ ಒಣ ಸಿಗಡಿ ಪುಡಿ, ಒಣಮೀನು ಇಲ್ಲವೇ ಮಾಂಸದ ನೀರು ಬಿದ್ದಿರುತ್ತೆ. ಅಕರ, ಕರಿದ ಬಾಳೆಹಣ್ಣು ವಾಸಿ. ಅದಕ್ಕೂ ಒಂದು ಮಾತು ಕೇಳಿ.
* ಮಾಂಸ ಯಾವುದು, ಕುರಿಯದೋ, ಕೋಳಿಯದೋ, ದನದ್ದೋ ಅಂತ ಆರ್ಡರ್‌ಗೆ ಮುಂಚೆ ತಿಳ್ಕೊಳ್ಳಿ.
* ಶೇಂಗಾ ಅಲರ್ಜಿ ಇದ್ದವರು ಸುಯಾ, ಮಾಫೆ ಮುಟ್ಟಬೇಡಿ.
* ಅವರ ಗುಂಡು ಮೆಣಸಿನಕಾಯಿ ಬ್ಯಾಡಗಿಗಿಂತ ಬಹಳ ಖಾರ. ಕಮ್ಮಿ ಹಾಕಿ ಅಂತ ಹೇಳಿ.
* ಮುದ್ದೆ ಬಿಸಿಬಿಸಿ ಮಾಡಿಕೊಡೋ ಕಡೆ ಸ್ವಲ್ಪ ಕಾಯಬೇಕಾಗುತ್ತೆ.

ನಮ್ಮ ಅಂಗಡಿಯಲ್ಲೂ ಆಫ್ರಿಕಾ

ಸಂತೆಪೇಟೆಯ ಕಿರಾಣಿ ಅಂಗಡಿಯಲ್ಲಿ ಒಂದು ಸುತ್ತು ಕಣ್ಣಾಡಿಸಿದ್ರೆ ಸಾಕು. ಸಜ್ಜೆ ಪಶ್ಚಿಮ ಆಫ್ರಿಕಾದ ಬೆಳೆ, ಅಲ್ಲಿಯವರು 4,000 ವರ್ಷಕ್ಕೂ ಹಿಂದೆಯೇ ಬೆಳೆದಿದ್ದು. ಅಲಸಂದೆಯೂ ಆಫ್ರಿಕಾದ್ದೇ. ಜೋಳ, ರಾಗಿ ಅದೇ ಖಂಡದ ಪೂರ್ವ ಭಾಗದಿಂದ ಬಂದವು. ಶೇಂಗಾ, ಮರಗೆಣಸು, ಮೆಣಸಿನಕಾಯಿ ಮಾತ್ರ ಅಮೆರಿಕ ಖಂಡದವು. ಹಡಗು ಹತ್ತಿ ಅವರಿಗೂ ಬಂದವು, ನಮಗೂ ಬಂದವು.

ಸಿಟಿ ಕ್ಯಾಂಟೀನ್‌ನಲ್ಲಿ ಮುದ್ದೆ ನುಂಗೋರನ್ನ ನೋಡಿ ನಕ್ಕೋರು ಬಹಳ ಜನ ಇದ್ದಾರೆ. ಆ ನಗು ಎಷ್ಟು ಚುಚ್ಚುತ್ತೆ ಅಂತ ನಮ್ಮ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೋಟೆಲ್‌ಗೆ ಹೋದ್ರೆ ಕೈ ತೊಳೆಯೋಕೆ ಬೋಗುಣಿಯಲ್ಲಿ ನೀರು ತಂದಿಟ್ರೆ ಗಾಬರಿ ಬೇಡ, ಚಮಚವೂ ಬೇಡ. ಮುದ್ದೆ ಮುರಿಯೋದು ನಮಗೆ ಹೊಸದೇನಲ್ಲ.