ಗೋರಿಗೂ ಬಾವಿಗೂ ನಡುವಣ ದೂರ

ಶವಸಂಸ್ಕಾರದ ಮಾತು ಶಾಲೆಯ ವಾರ್ಷಿಕ ಸಂಚಿಕೆಗೆ ಒಪ್ಪುವುದೇ ಎಂದು ಕೆಲವರು ಶಂಕಿಸಬಹುದು. ಆದರೆ ನಮ್ಮ ಮಡತ್ತುಕುಳವು ಅಮರಾವತೀ ಬಯಲಿನ ಊರು. ಕ್ರೈಸ್ತರೂ ಮುಸಲ್ಮಾನರೂ ವೀರಶೈವರೂ ಹೂಳುವ ಸಂಪ್ರದಾಯದವರು. ನೀರಾದರೋ ಎಲ್ಲರಿಗೂ ಒಂದೇ ನೆಲದ್ದು. ಆದಕಾರಣ ಈ ವಿಷಯದ ನಿಯಮವನ್ನೂ ಅದರ ಕಾರಣವನ್ನೂ ಮಕ್ಕಳೂ ತಂದೆತಾಯಿಗಳೂ ಅರಿತಿರುವುದು ಲೇಸು.

ತಮಿಳುನಾಡಿನ ಗ್ರಾಮ ಪಂಚಾಯತಿಗಳಿಗಾಗಿ 1999ರಲ್ಲಿ ರಚಿತವಾದ ಸ್ಮಶಾನ ನಿಯಮಗಳಂತೆ, ಹೊಸ ಸ್ಮಶಾನಕ್ಕೆ ಪಂಚಾಯತಿಯ ಅನುಮತಿ ಬೇಕು. ವಾಸದ ಮನೆಗಾಗಲಿ ಕುಡಿಯುವ ನೀರಿನ ನೆಲೆಗಾಗಲಿ 90 ಮೀಟರಿನೊಳಗೆ ಅದು ಇರಕೂಡದು. ಸರ್ವೆಯವರ 66 ಅಡಿಯ ಹಳೆಯ ಸರಪಳಿಯಲ್ಲಿ ಇದು ಸುಮಾರು ನಾಲ್ಕೂವರೆ ಸರಪಳಿ. (ಏಳನೆಯ ತರಗತಿಯವರು ಲೆಕ್ಕ ಮಾಡಿ ನೋಡಲಿ.)

ಇಂತಹ ಕಾನೂನುಗಳ ಹುಟ್ಟು ವಿಚಿತ್ರವಾದುದು. ಲಂಡನ್ ನಗರದ ಚರ್ಚುಗಳ ಅಂಗಳಗಳಲ್ಲಿ ಗೋರಿಯ ಮೇಲೆ ಗೋರಿ ತೋಡುವಷ್ಟು ಇಕ್ಕಟ್ಟಾದಾಗ, 1852ರ ಕಾಯಿದೆಯು ಅವುಗಳನ್ನು ಮುಚ್ಚಿಸಲು ದಾರಿ ಮಾಡಿತು. ಕೊಳೆತ ದುರ್ಗಂಧದಿಂದಲೇ ರೋಗ ಬರುವುದೆಂದು ಅಂದಿನವರು ನಂಬಿದ್ದರು. ಎರಡೇ ವರ್ಷಗಳ ತರುವಾಯ, 1854ರಲ್ಲಿ, ವೈದ್ಯ ಜಾನ್ ಸ್ನೋ ಅದೇ ನಗರದ ಒಂದು ಬೀದಿಯ ಪಂಪಿನ ನೀರಿನಿಂದ ಕಾಲರಾ ಹರಡಿದುದನ್ನು ತೋರಿಸಿಕೊಟ್ಟನು. ಕಾರಣ ತಪ್ಪಾಗಿತ್ತು; ಆದರೂ ನಿಯಮವು ಹಿತವನ್ನೇ ಮಾಡಿತು!

ಹೂಳಿದ ದೇಹವು ಕರಗುವಾಗ ಒಸರುವ ದ್ರವವನ್ನು ಒಣಮಣ್ಣು ಸೋಸುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿಬಿಡುತ್ತವೆ. ಗುಂಡಿಯ ತಳವು ಅಂತರ್ಜಲವನ್ನು ಮುಟ್ಟಿದರೆ ಮಾತ್ರ ಈ ಕೆಲಸ ಕೆಡುತ್ತದೆ. ಚೈತ್ರದಲ್ಲಿ ಒಣಗಿದ್ದ ಗುಂಡಿಯ ತಳಕ್ಕೆ ಕಾರ್ತಿಕದ ಮಳೆಯ ಬಳಿಕ ನೀರು ಏರಿ ಬರಬಹುದು. ಆದುದರಿಂದ ಆಳವನ್ನು ಬೇಸಗೆಯ ನೀರಿನ ಮಟ್ಟ ನೋಡಿ ನಿರ್ಣಯಿಸುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಶಾಖೆಯ 1998ರ ವರದಿಯು ಗುಂಡಿಯ ಕೆಳಗೆ ಕನಿಷ್ಠ ಒಂದು ಮೀಟರ್ ಮಣ್ಣನ್ನೂ, ಕುಡಿಯುವ ನೀರಿನ ಬಾವಿಗೆ 250 ಮೀಟರ್ ದೂರವನ್ನೂ ಸೂಚಿಸಿದೆ. ನಮ್ಮ 90 ಮೀಟರನ್ನು ಕನಿಷ್ಠವೆಂದೇ ಎಣಿಸತಕ್ಕದ್ದು.

ನೀರಿನ ಈ ಎಚ್ಚರಿಕೆ ಬೇರೆ, ಶವದ ಭಯ ಬೇರೆ. ಇವೆರಡನ್ನೂ ಬೆರೆಸಿದಾಗ ಏನಾಗುವುದೆಂಬುದನ್ನು 2020ರ ಏಪ್ರಿಲಿನಲ್ಲಿ ಚೆನ್ನೈ ನಗರ ಕಂಡಿತು. ಕೊರೋನಾದಿಂದ ಮೃತರಾದ ವೈದ್ಯರೊಬ್ಬರನ್ನು ಕೀಲ್ಪಾಕ್ ಸ್ಮಶಾನದಲ್ಲಿ ಹೂಳಲು ಜನರು ಬಿಡಲಿಲ್ಲ. ವೇಲಂಗಾಡಿನಲ್ಲಿ ಶವವನ್ನು ತಂದವರ ಮೇಲೆಯೇ ಗುಂಪು ಕೈಮಾಡಿತು. ಕಡೆಗೆ ಸಹೋದ್ಯೋಗಿ ವೈದ್ಯರೊಬ್ಬರು ರಾತ್ರಿಯಲ್ಲಿ ತಾವೇ ಮಣ್ಣೆಳೆದು ಮುಚ್ಚಬೇಕಾಯಿತು. ವಿಧಿಯಂತೆ ಹೂತ ಶವದಿಂದ ನೆರೆಹೊರೆಗೆ ಆ ರೋಗ ಅಂಟದು. ಅಂತಹವರನ್ನು ಹೂಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಅದರ ಹಿಂದಿನ ತಿಂಗಳೇ ತಿಳಿಸಿತ್ತು. ರಾಜ್ಯ ಸರ್ಕಾರವು ಅದೇ ಏಪ್ರಿಲಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಇಂತಹ ಸಂಸ್ಕಾರಕ್ಕೆ ಅಡ್ಡಿಮಾಡಿದವರಿಗೆ ಒಂದರಿಂದ ಮೂರು ವರ್ಷಗಳ ಸೆರೆವಾಸವನ್ನು ವಿಧಿಸಿತು. ಗೋರಿ ತೋಡುವುದಕ್ಕೆ ಆಕ್ಷೇಪವುಳ್ಳವರು ಹೆಣದ ಗಾಡಿಯನ್ನು ತಡೆಯುವ ಬದಲು ಅಳತೆಯ ಪಟ್ಟಿಯನ್ನು ತಂದು ಬಾವಿಯ ದೂರವನ್ನು ಅಳೆಯಲಿ.