ಶಿಳ್ಳೆಗೆ ಕಾಯದ ಒದೆತ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 3ರಂದು ನಡೆದ ಇಂಡಿಯನ್ ಸೂಪರ್ ಲೀಗಿನ ನಾಕ್‌ಔಟ್ ಪಂದ್ಯವನ್ನು ನಾವು ಇಲ್ಲಿ ವಿವೇಚಿಸುವುದು ಒಂದೇ ಒಂದು ಒದೆತಕ್ಕಾಗಿ. ತೊಂಬತ್ತು ನಿಮಿಷ ಗೋಲಿರಲಿಲ್ಲ. ಹೆಚ್ಚುವರಿ ಅವಧಿಯಲ್ಲಿ, 96ನೆಯ ನಿಮಿಷಕ್ಕೆ, ಕೇರಳ ಬ್ಲಾಸ್ಟರ್ಸ್ ಪಕ್ಷವು ತಡೆಗೋಡೆ ಕಟ್ಟುತ್ತಿರುವಾಗಲೇ ಸುನಿಲ್ ಛೆಟ್ರಿಯವರು ಫ್ರೀ ಕಿಕ್ಕಿನಿಂದ ಚೆಂಡನ್ನು ಬಲೆಗೆ ಸೇರಿಸಿದರು. ಕೇರಳದವರು ಮೈದಾನವನ್ನೇ ತೊರೆದರು. ಜಯವು ಬೆಂಗಳೂರಿಗೆ ಸಂದಿತು.

ಎದುರಾಳಿಗಳು 9.15 ಮೀಟರು ದೂರವಿರಬೇಕೆಂಬ ನಿಯಮವು ಒದೆಯುವ ಪಕ್ಷದ ರಕ್ಷಣೆಗಾಗಿಯೇ ಉಂಟಾದುದು. ಆ ರಕ್ಷಣೆಯನ್ನು ಬಯಸದವರು ಒಡನೆಯೇ ಒದೆಯಬಹುದು, ಶಿಳ್ಳೆ ಬೇಕಿಲ್ಲ. ರೆಫರಿಯು ತಡೆದು ನಿಲ್ಲಿಸಿದ್ದರೆ ಮಾತ್ರ ಕಾಯಲೇಬೇಕು. ವಿವಾದವೆಲ್ಲ ಈ ಎಳೆಯಲ್ಲಿದೆ. ಮೈದಾನ ತೊರೆದುದಕ್ಕೆ ಅಖಿಲ ಭಾರತ ಒಕ್ಕೂಟವು ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ಗೋಲಿನ ನ್ಯಾಯಾನ್ಯಾಯವೇನೇ ಇರಲಿ, ಉಳಿದಿದ್ದ ಇಪ್ಪತ್ತನಾಲ್ಕು ನಿಮಿಷಗಳನ್ನು ಅವರು ತಾವಾಗಿಯೇ ಬಿಟ್ಟುಕೊಟ್ಟರೆಂಬುದು ನಮ್ಮ ಮತ.