ಬೆಳಗೊಳ ಎನ್ನಲು ಬಾರದ ಹುಡುಗ

ಹಿಂದಿ ಮನೆಮಾತಿನ ಹದಿಮೂರು ವರ್ಷದ ಹುಡುಗನೊಬ್ಬನಿಂದ ‘ಶ್ರವಣಬೆಳಗೊಳ’ ಎಂದು ಹೇಳಿಸಿ ನೋಡಿ. ‘ಬೇಲಗೋಲಾ’ ಎಂದಾನು. ದಯವಿಟ್ಟು ನಗಬೇಡಿ. ಹಿಂದಿಯಲ್ಲಿ ಎ ಏ, ಒ ಓ ಎಂಬ ಹ್ರಸ್ವದೀರ್ಘ ಭೇದವಿಲ್ಲ. ಳಕಾರವಂತೂ ಇಲ್ಲವೇ ಇಲ್ಲ. ನಮ್ಮ ಊರಿನ ಹೆಸರಿನಲ್ಲಿ ಇವೆಲ್ಲ ಸಾಲಾಗಿ ನಿಂತಿವೆ. ಅವನ ಕಿವಿಗೆ ‘ಕೊಡು’, ‘ಕೋಡು’ ಒಂದೇ; ‘ಹಲ್ಲಿ’, ‘ಹಳ್ಳಿ’ಯೂ ಒಂದೇ.

ಸಕಲೇಶಪುರದ ಕಾಫಿ ತೋಟಗಳಿಗೆ, ಹಾಸನದ ಕಟ್ಟಡದ ಕೆಲಸಗಳಿಗೆ ದೂರದ ರಾಜ್ಯಗಳಿಂದ ಸಂಸಾರ ಸಮೇತ ಬರುವವರುಂಟು. ಆರು ವರ್ಷದ ಮಗು ಆಟವಾಡುತ್ತಲೇ ಕನ್ನಡ ಕಲಿತುಬಿಡುತ್ತದೆ. ಹದಿಮೂರರವನ ಪಾಡು ಬೇರೆ. ಅವನು ಕನ್ನಡವನ್ನೂ ಕಲಿಯಬೇಕು, ಅದೇ ಕನ್ನಡದಲ್ಲಿ ವಿಜ್ಞಾನವನ್ನೂ ಕಲಿಯಬೇಕು. ಮೇಲಾಗಿ ನಾಚಿಕೆಯ ವಯಸ್ಸು. ಒಮ್ಮೆ ತರಗತಿ ನಕ್ಕರೆ ಸಾಕು, ಹಿಂದಿನ ಬೆಂಚಿನಲ್ಲಿ ಮೂಕನಾಗುತ್ತಾನೆ. ಆಮೇಲೆ ಬರುವುದನ್ನೇ ಬಿಡುತ್ತಾನೆ. ಕೂಲಿ ಅವನಿಗಾಗಿ ಕಾದೇ ಇರುತ್ತದೆ.

ಕಾನೂನು ಅವನ ಪರವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ ಅವನನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಸರಿಗಟ್ಟಲು ವಿಶೇಷ ತರಬೇತಿ ಕೊಡಬೇಕು. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಹಿಂದಕ್ಕೆ ಕಳುಹಿಸುವಂತಿಲ್ಲ. ಹೀಗೆ ಸೇರಿದವನಿಗೆ ಹದಿನಾಲ್ಕು ತುಂಬಿದರೂ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಉಂಟು. ಇದು ತಂದೆತಾಯಿಗಳಿಗೆ ತಿಳಿದಿರುವುದಿಲ್ಲ. ತಿಳಿದವರು ನೀವು ಹೇಳಬೇಕು.

ತರಗತಿಯಲ್ಲಿ ಅವನು ಬರಿಗೈಯವನೇನಲ್ಲ. ಗಣಿತ, ಭೂಗೋಲ, ಇತಿಹಾಸ, ವಿಜ್ಞಾನ ಎಂಬ ಮಾತುಗಳು ಅವನಿಗೆ ಆಗಲೇ ಗೊತ್ತು. ಉಪಾಧ್ಯಾಯರು ಅಲ್ಲಿಂದ ಹೊರಡಬಹುದು. ಆದರೆ ಕೆಲವು ಮಾತುಗಳು ಮೋಸಮಾಡುತ್ತವೆ. ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ. ನಮ್ಮ ‘ಶಿಕ್ಷೆ’ ಏನೆಂದು ನಿಮಗೆ ಗೊತ್ತೇ ಇದೆ! ಈ ಪತ್ರಿಕೆಯ ‘ಉಪನ್ಯಾಸ’ವನ್ನು ಅವನು ಕಾದಂಬರಿಯೆಂದು ತಿಳಿದಾನು. ಇಂಥವನ್ನು ಅವನಿಂದಲೇ ಹುಡುಕಿಸಿ ಕಪ್ಪುಹಲಗೆಯ ಮೇಲೆ ಬರೆಸಿದರೆ, ಅಂದು ತರಗತಿಗೆಲ್ಲ ಅವನೇ ಗುರು.

ಇನ್ನೊಂದು ಪಾಠ ವಿಂಧ್ಯಗಿರಿಯ ಮೇಲಿದೆ. ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಶಾಸನಗಳಿವೆ. ಅಲ್ಲಿಯ ನಾಗರಿ ಅಕ್ಷರಗಳನ್ನು ನಮ್ಮ ಮಕ್ಕಳಿಗಿಂತ ಬೇಗ ಗುರುತಿಸುವವನು ಅವನೇ.

ಮನೆಯಲ್ಲಿ ರೇಡಿಯೋ ಇದ್ದವರು ಸಂಜೆ ಅವನನ್ನು ನಿಮ್ಮ ಮಗನ ಜೊತೆ ವಾರ್ತೆ ಕೇಳಲು ಕರೆಯಿರಿ. ತೊದಲದೆ, ಅವಸರವಿಲ್ಲದೆ ಆಡಿದ ಕನ್ನಡ ದಿನವೂ ಹತ್ತು ನಿಮಿಷ ಕಿವಿಗೆ ಬಿದ್ದರೆ ಳಕಾರ ಮೆಲ್ಲಗೆ ಪರಿಚಯವಾದೀತು. ತಪ್ಪಿದಾಗ ತಿದ್ದಬೇಡಿ, ಅದೇ ಮಾತನ್ನು ನೀವು ಸರಿಯಾಗಿ ಇನ್ನೊಮ್ಮೆ ಆಡಿ, ಸಂಭಾಷಣೆ ಮುಂದುವರಿಸಿ.